ಉಳವಪ್ಪ ಮಾಸ್ತರರ ಹಾರ್ಟು

ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಪ್ರಾಣವಿದ್ದಂತೆ, ಉಳವಪ್ಪ ಮಾಸ್ತರರ ಮಾನ ಅವರ ತುಂಬುತೋಳಿನ ಅಂಗಿಯೊಳಗಿತ್ತು. ಎರಡೂ ಮೊಣಕೈ ಮೇಲೆ ರೂಪಾಯಿ ಅಗಲದ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಟ್ಟು. ಸೋರಿಯಾಸಿಸ್. ಅಂಟುವ ರೋಗವಲ್ಲವೆಂದು ಡಾಕ್ಟರು ಹೇಳಿದ್ದರು, ನಿಜ. ಆದರೆ ಅದನ್ನು ಬೈಲಹೊಂಗಲದ ಓಣಿಗೆ ಹೇಳುವವರು ಯಾರು? ಅಂಗಿಯ ಮೇಲೆ ಉದುರಿದ್ದನ್ನು ಮಾಸ್ತರರು ಚಾಕ್‌ಪೀಸಿನ ಪುಡಿಯೆಂದು ಕೊಡವಿಬಿಡುತ್ತಿದ್ದರು. ಬೇಸಿಗೆ ಸೂಟಿಯಲ್ಲೂ ಚಾಕ್‌ಪೀಸಿನ ಪುಡಿ ಉದುರುತ್ತಿತ್ತೆಂಬುದು ಬೇರೆ ಮಾತು.

ಆ ದಿನದ ಫಜೀತಿ ಶುರುವಾದದ್ದು ಒಂದು ಕಪ್ ಚಹಾದಿಂದ. "ತೊಗಲಿನ ಉರಿ ರಕ್ತಕ್ಕೂ ಇಳೀತದ. ಇಂಥವ್ರಿಗೆ ಮುಂದ ಹಾರ್ಟಿನ ತ್ರಾಸ ಬರೂದು ಸ್ವಲ್ಪ ಜಾಸ್ತಿ. ಬರಿಹೊಟ್ಟೀಲೆ ಒಮ್ಮೆ ರಕ್ತ ತಪಾಸ ಮಾಡಸ್ರಿ" ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಹಾಗಾಗಿ ಮುಂಜಾನೆ ಮನೆಯ ಮಾಲಕಿ ಸೋಮವ್ವ ತಂದ ಚಹಾವನ್ನು ಮಾಸ್ತರರು ಮೊದಲ ಸಲ ಒಲ್ಲೆನೆಂದರು.

"ಯಾಕ್ರೀ ಮಾಸ್ತರ್ರ, ನನ್ನ ಚಾದಾಗ ಹುಳಾ ಬಿದ್ದಾವೇನು?"

"ಹಂಗೇನಿಲ್ಲ ಸೋಮವ್ವ. ರಕ್ತ ತೋರಸೂದೈತಿ."

"ಅಯ್ಯ ನನ್ನ ಶಿವನ! ಏನಾಗೇತಿ?"

ತೊಗಲು ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು, ಪರವೂರ ಗಂಡಸರನ್ನು ಕಂಡ ಹೊಸ ಸೊಸೆಯಂತೆ ಒಳಗೋಡಿತು. ಅದರ ಬದಲು ಇನ್ನೊಂದು ಮಾತು ಹೊರಬಿತ್ತು.

"ಹಾರ್ಟಿಂದು."

ಹಾರ್ಟೆಂದರೆ ದೊಡ್ಡ ಮನೆತನದ ರೋಗ, ಸಾಹುಕಾರರಿಗೆ ಮಂತ್ರಿಗಳಿಗೆ ಬರುವಂಥದು. ಅದಕ್ಕೆ ನಾಚುವುದೇಕೆ ಎಂದುಕೊಂಡರು ಮಾಸ್ತರರು. ಅಂದು ಸಂಜೆಯೇ ಮುನವಳ್ಳಿಯ ಅಂದಾನೆಪ್ಪನವರು ಮಗಳು ಗಂಗಾಳನ್ನು ಮಾಸ್ತರರಿಗೆ ಕೊಡುವ ಮಾತು ಪಕ್ಕಾ ಮಾಡಿ ಸಕ್ಕರೆ ಹಂಚಲು ಬರುವವರಿದ್ದರು. ಅಷ್ಟರೊಳಗೆ ತೊಗಲಿನ ಸುದ್ದಿ ಹೊರಬೀಳದಿದ್ದರೆ ಸಾಕಿತ್ತು. ಗಂಗಾಳನ್ನು ನೋಡಿಬಂದಾಗಿನಿಂದ ಮಾಸ್ತರರು ಹಾಜರಿ ಕರೆಯುವಾಗ ಹುಡುಗರ ಹೆಸರು ಮರೆಯುತ್ತಿದ್ದರು.

ಸೋಮವ್ವ ಕಪ್ಪು ಹಿಡಿದು ಹೊರಬಂದದ್ದೇ ತಡ, ಓಣಿ ತುಂಬ ಸುದ್ದಿ. ಎದುರುಮನೆಯ ಟೆಂಪೋ ಮೌಲಾಸಾಬ ಓಡಿಬಂದ.

"ಹಾರ್ಟಿನವ್ರು ನಡೀಬಾರದ್ರಿ ಮಾಸ್ತರ್ರ!" ಎಂದವನೇ ಬೆಲ್ಲದ ಪೆಂಟೆಯಂತೆ ಅವರನ್ನು ಎತ್ತಿ ಟೆಂಪೋದಲ್ಲಿ ಕೂಡಿಸಿದ.

ಲ್ಯಾಬಿನವನು "ತೋಳ ಏರಸ್ರಿ" ಎಂದ.

"ಬೆರಳಾಗಿಂದ ತಗೋಳಾಕ ಬರೂದಿಲ್ಲೇನ್ರಿ?"

"ಬರೂದಿಲ್ರಿ."

"ಮೌಲಾಸಾಬ, ನೀ ಹೊರಗ ನಿಂದ್ರಪಾ."

"ಇಂಥಾ ಹೊತ್ತಿನ್ಯಾಗ ಬಿಟ್ಟ ಹೋಗ್ತೇನೇನ್ರಿ!" ಎಂದು ಮೌಲಾಸಾಬ ಅವರ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆದರೆ ಸೂಜಿ ಕಾಣುತ್ತಲೇ ಆ ಪೈಲವಾನ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದ. ಮಾಸ್ತರರ ಮಾನ ಒಂದು ಕೂದಲೆಳೆಯಲ್ಲಿ ಉಳಿಯಿತು.

ಮನೆಗೆ ಬಂದರೆ ಹಸಿದ ಹೊಟ್ಟೆಗೆ ರೊಟ್ಟಿಯಿಲ್ಲ. ಬೆಣ್ಣೆ, ಶೇಂಗಾ ಹಿಂಡಿ ಎರಡನ್ನೂ ಸೋಮವ್ವ ಮುಚ್ಚಿಟ್ಟಿದ್ದಳು. ಪಕ್ಕದ ಮನೆಯ ಯಲ್ಲವ್ವ ಬೇಯಿಸಿದ ಬೆಳ್ಳುಳ್ಳಿ ತಂದು ತಾನೇ ಬಾಯಿಗೆ ತುರುಕಿದಳು. ಮಂಚದ ಮೇಲೆ ಮಲಗಿಸಿ ಕುತ್ತಿಗೆಯವರೆಗೆ ಕಂಬಳಿ ಹೊದಿಸಿದರು. ಸಂಜೆಯಾದರೂ ಆರದ ಝಳದಲ್ಲಿ ಕಂಬಳಿಯೊಳಗೆ ಮೊಣಕೈ ಕಡಿಯತೊಡಗಿತು. ಕೆರೆದುಕೊಂಡರೆ ಸುದ್ದಿ, ಬಿಟ್ಟರೆ ಜೀವ ಹೋಗುವಂಥ ತುರಿಕೆ. ಮಾಸ್ತರರು ಒದ್ದಾಡಿದರು.

"ನೋಡ್ರವ್ವಾ, ಜೀವಾ ಹೆಂಗ ಹೊಯ್ದಾಡಾಕ ಹತ್ತೇತಿ!" ಎಂದು ಯಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದೇ ಹೊತ್ತಿಗೆ ಅಂದಾನೆಪ್ಪನವರು ಸಕ್ಕರೆ ಪೊಟ್ಟಣ ಹಿಡಿದು ಹೊಸ್ತಿಲು ದಾಟಿದರು. ಮಾಸ್ತರರು ಬಾಯಿ ತೆರೆಯುವ ಮೊದಲೇ ಸೋಮವ್ವ, "ಹೆಣ್ಣ ಕೊಡಾವ್ರಿಗೆ ಮುಚ್ಚಿಡಬಾರದ್ರಿ ಯಪ್ಪಾ. ಹುಡುಗಂದು ಹಾರ್ಟು ಸೂಕ್ಷ್ಮ ಐತಿ" ಎಂದುಬಿಟ್ಟಳು.

ಅಂದಾನೆಪ್ಪನವರು ಸಕ್ಕರೆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಆಮೇಲೆ ಮಂಚದ ಹತ್ತಿರ ಬಗ್ಗಿ ಮೆಲ್ಲನೆ ಹೇಳಿದರು.

"ಮಾಸ್ತರ, ನಿಮ್ಮ ತೊಗಲಿಂದು ನಮಗ ಗೊತ್ತಿತ್ರಿ. ನೋಡಾಕ ಬಂದಾಗ ಊಟಕ್ಕ ತೋಳ ಏರಿಸಿ ಕೈ ತೊಳ್ಕೊಂಡ್ರಲ್ಲ, ಆಗ ನಮ್ಮ ಗಂಗಾ ನೋಡಿದ್ಲು. ಅಕಿ ಮೊಳಕಾಲಿಗೂ ಅದ ಐತಿ. 'ಅಪ್ಪಾ, ಇವರ ಮುಂದ ನಾ ಮುಚಗೋಬೇಕಾಗಿಲ್ಲ' ಅಂತ ಹಿಗ್ಗಿದ್ಲು. ಅದಕ್ಕ ಹೂಂ ಅಂದ್ವಿ. ಆದ್ರ ಹಾರ್ಟು ಅಂದ್ರ... ಒಬ್ಬಾಕಿ ಮಗಳರಿ ಅಕಿ."

ಮಾಸ್ತರರು ಕಂಬಳಿ ಒದ್ದು ಎದ್ದರು. ಯಾರೂ ಕೇಳದಿದ್ದರೂ ಇಡೀ ಓಣಿಯೆದುರು ಎರಡೂ ತೋಳು ಏರಿಸಿದರು.

"ಹಾರ್ಟು ಸುಳ್ಳರಿ! ನಾಚಿಕಿಗೆ ಹಂಗಂದೆ! ನನಗಿರೂದು ಬರೇ ಇದರಿ, ಇದ!"

ಸೋಮವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಯಲ್ಲವ್ವ ಬೆಳ್ಳುಳ್ಳಿ ತಿನ್ನಿಸಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಮಾಸ್ತರರ ಮುಖ ಸುಟ್ಟ ಬದನೆಕಾಯಿಯಂತಾಯಿತು, ಆದರೂ ತೋಳು ಇಳಿಸಲಿಲ್ಲ. ಅಷ್ಟರಲ್ಲಿ ಮೌಲಾಸಾಬ ಲ್ಯಾಬಿನ ಕಾಗದ ಹಿಡಿದು ಓಡಿಬಂದ. ಮಾಸ್ತರರು ಕಸಿದುಕೊಂಡು ಜೋರಾಗಿ ಓದಿದರು.

"ನೋಡ್ರಿ, ಕೊಲೆಸ್ಟ್ರಾಲ್ ಬರೋಬರಿ! ಸಕ್ಕರಿ ಬರೋಬರಿ! ಮತ್ತ..."

ಮಾಸ್ತರರ ಬೆರಳು ಕೆಳಗಿನ ಸಾಲಿಗೆ ಬಂದು ನಿಂತಿತು.

"ಕೆಳಗಿನ ಸಾಲಿಗೆ ಚುಕ್ಕಿ ಹಾಕ್ಯಾರಲ್ರಿ, ಏನದು?" ಎಂದರು ಅಂದಾನೆಪ್ಪನವರು.

ಮುಂಜಾನೆಯಿಂದ ಹೇಳಿದ ಸುಳ್ಳಿನಿಂದ ಮಾಸ್ತರರಿಗೆ ಸಾಕಾಗಿತ್ತು. ಡಾಕ್ಟರು ಹೇಳಿದ್ದನ್ನು ಇದ್ದದ್ದಿದ್ದಂತೆ ಹೇಳಿದರು.

"ಅದು ಸಿ.ಆರ್.ಪಿ. ಅಂತರಿ, ರಕ್ತದಾಗಿನ ಉರಿಯ ಅಳತಿ. ತೊಗಲಿನ ಉರಿಗೆ ಏರತೈತಿ. ಏರಿದ್ರ ಮುಂದ ಹಾರ್ಟಿಗೂ... ಸ್ವಲ್ಪ..."

ಅಂದಾನೆಪ್ಪನವರು ಸಕ್ಕರೆ ಪೊಟ್ಟಣವನ್ನು ಮೆಲ್ಲನೆ ಚೀಲದೊಳಗೆ ಇಳಿಬಿಟ್ಟರು.

"ಅಂದ್ರ ಎರಡೂ ಅದಾವು ಅಂದಂಗಾತು. ಬರತೇನ್ರಿ ಮಾಸ್ತರ."