ಬಂಗಡೆಯ ಪ್ರೋಟೀನಿಗೆ ಕೆಂಪು ಚುಕ್ಕಿ

ಲ್ಯಾಬಿನಲ್ಲಿ ಕೆಲಸ ನೆಟ್ಟಗೆ ನಡೆದ ದಿನಗಳು ನನಗೆ ನೆನಪಿಲ್ಲ. ಎಡವಟ್ಟಾದ ದಿನ ಮಾತ್ರ ಒಂದೂ ಮರೆತಿಲ್ಲ. ಕುಮಟಾದ ಕಾಲೇಜಿನಲ್ಲಿ ನಾನು ಪಿಎಚ್‌ಡಿಗೆ ಒದ್ದಾಡುತ್ತಿದ್ದ ಕಾಲ. ಬಂಗಡೆ ಮೀನಿನ ಒಂದು ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ತಿರುಗಿಸಿ ನೋಡಿ, ತಪ್ಪು ಹುಡುಕುವುದು ನನ್ನ ಕೆಲಸ. ಪ್ರೋಟೀನೆಂದರೆ ಸುತ್ತಿ ಮಡಚಿಕೊಂಡ ಉದ್ದನೆಯ ಸರಪಳಿ. ಅದರ ಕೊಂಡಿಗಳು ಒಂದರ ಮೈಮೇಲೊಂದು ಬಿದ್ದ ಕಡೆಯೆಲ್ಲ ತೆರೆಯ ಮೇಲೆ ಕೆಂಪು ಚುಕ್ಕಿ ಮೂಡುತ್ತಿತ್ತು. "ಒಂದು ಚುಕ್ಕಿ ಉಳಿದರೂ ನಾನು ಪ್ರಬಂಧಕ್ಕೆ ಸಹಿ ಹಾಕೂದಿಲ್ಲ" ಎಂದಿದ್ದರು ನನ್ನ ಗೈಡ್ ಮೇಡಂ. ಸಹಿ ಬಿದ್ದರೆ ಭಟ್ಕಳದ ಕಾಲೇಜಿನಲ್ಲಿ ನೌಕರಿ. ಇಲ್ಲದಿದ್ದರೆ ಅದು ಬೇರೆಯವರ ಪಾಲು.

ಚಾ ಲೋಟ

ಚಿತ್ರ ಉಬ್ಬಿ ಕಾಣಲೆಂದು ಒಂದು ಕಣ್ಣಿಗೆ ಕೆಂಪು, ಒಂದಕ್ಕೆ ನೀಲಿ ಇರುವ ರಟ್ಟಿನ ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಪಕ್ಕದ ಬಾಡ ಊರಿನಿಂದ ಬರುತ್ತಿದ್ದ ಅಟೆಂಡರ್ ಅಕ್ಕನಿಗೂ ಒಮ್ಮೆ ಹಾಕಿಸಿದೆ. ಪ್ರೋಟೀನು ತೆರೆ ಬಿಟ್ಟು ಮುಂದೆ ಬಂದು ಗಿರಗಿರ ತಿರುಗಿತು. ಅಕ್ಕ ಮೇಜಿನ ಮೇಲಿದ್ದ ನನ್ನ ಚಾ ಲೋಟವನ್ನು ಆಚೆ ಸರಿಸಿದರು.

"ಎಂತ ಆತು ಅಕ್ಕ?"

"ಅದ್ರ ಬಾಲ ಚಾದೊಳಗೆ ಬಿದ್ರೆ ನೀ ಕುಡೀತ್ಯೇನೆ ತಂಗಿ?"

ಸೋಮವಾರ

ಬಣ್ಣಬಣ್ಣದ ಆ ಪ್ರೋಟೀನಿನ ಚಿತ್ರವನ್ನು ಅಚ್ಚು ಹಾಕಿಸಿ ಹಳದೀಪುರದ ನಮ್ಮ ಮನೆಯ ಗೋಡೆಗೆ ತೂಗುಹಾಕಿದ್ದೆ. ಸೋಮವಾರ ಬಂತೆಂದರೆ ಅದು ಗೋಡೆಗೆ ಮುಖ ಮಾಡಿಕೊಂಡಿರುತ್ತಿತ್ತು. ಗಾಳಿಯ ಕೆಲಸವೆಂದು ನಾನು ತಿರುಗಿಸಿಡುವುದು, ಮರುವಾರ ಮತ್ತದೇ. ಕಡೆಗೊಮ್ಮೆ ಅಜ್ಜಿ ನನ್ನ ಕೈಗೆ ಸಿಕ್ಕಿಬಿದ್ದರು.

"ಸೋಮಾರ ನಮ್ಮನೇಲಿ ಮೀನಿಲ್ಲ ಅಂತ ಗೊತ್ತಿಲ್ವನೇ?"

"ಅಜ್ಜಿ, ಅದು ಬರೇ ಚಿತ್ರ!"

"ಚಿತ್ರ ಆದ್ರೂ ಬಂಗಡೆದೇ ಅಲ್ದಾ?"

ಮಂಗಳವಾರ ಬೆಳಿಗ್ಗೆ ಅವರೇ ಅದನ್ನು ಮರ್ಯಾದೆಯಿಂದ ಈಚೆ ತಿರುಗಿಸುತ್ತಿದ್ದರು. ಈಗ ಅಜ್ಜಿ ಇಲ್ಲ. ಚಿತ್ರ ಇದೆ, ಸೋಮವಾರ ನಾನು ತಿರುಗಿಸುತ್ತೇನೆ.

ಕೊನೆಯ ಚುಕ್ಕಿ

ಆಯುಧಪೂಜೆ ಕಳೆದು ಲ್ಯಾಬಿಗೆ ಬಂದಾಗ, ರಜೆಗೆ ಮುನ್ನ ಕಂಪ್ಯೂಟರಿಗೆ ಕೊಟ್ಟಿದ್ದ ಲೆಕ್ಕ ಮುಗಿದು ತೆರೆಯ ಮೇಲೆ ಒಂದೇ ಒಂದು ಚುಕ್ಕಿ ಉಳಿದಿತ್ತು, ನಟ್ಟನಡುವೆ. ಅದರ ಕೆಳಗಿನ ಕೊಂಡಿ ತಿದ್ದಿದೆ. ಪ್ರೋಟೀನು ಸ್ವಲ್ಪ ಹೊರಳಿತು, ಚುಕ್ಕಿ ಪಕ್ಕದ ಕೊಂಡಿಯ ಮೇಲೆ! ಅದನ್ನೂ ತಿದ್ದಿದೆ, ಈಗ ಮತ್ತೊಂದರ ಮೇಲೆ. ವಾರವಿಡೀ ಇದೇ ಆಟ. ಭಟ್ಕಳದವರು ಕಾಯುವ ದಿನ ಮುಗಿಯುತ್ತ ಬಂತು, ನನಗೆ ಅಳುವೇ ಬಂತು.

ಮೇಡಂ ಬಂದು ಕುಳಿತರು. ಪ್ರೋಟೀನನ್ನು ತೆರೆಯ ಮೂಲೆಗೆ ತಳ್ಳಿದರು. ಪ್ರೋಟೀನು ಹೋಯಿತು, ಚುಕ್ಕಿ ನಡುವೆಯೇ ನಿಂತಿತು. ಮೇಡಂ ಅದನ್ನು ಬೆರಳಿನಿಂದ ಉಜ್ಜಿದರು. ಬೆರಳು ಕೆಂಪಾಯಿತು. ಅಟೆಂಡರ್ ಅಕ್ಕ ಹಬ್ಬದ ದಿನ ಕಂಪ್ಯೂಟರಿಗೆ ಹಚ್ಚಿದ ಕುಂಕುಮ!

ಮೇಡಂ ನನ್ನನ್ನು ನೋಡಿದರು. ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. ನಾನು ತಿದ್ದಿ ಕೆಡಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿಸಿ ಸಹಿ ಹಾಕಿದರು.

ಭಟ್ಕಳಕ್ಕೆ ಹೊರಡುವ ಮುನ್ನ ಅಕ್ಕನಿಗೆ ಪೇಡೆ ಕೊಟ್ಟು, "ನಿಮ್ಮ ಕುಂಕುಮದಿಂದ ನನ್ನ ಒಂದು ವಾರ ಹಾಳಾತು ಅಕ್ಕ" ಎಂದೆ.

ಅಕ್ಕ ಪೇಡೆಯನ್ನು ದವಡೆಗೆ ಸರಿಸಿಕೊಂಡು ಹೇಳಿದರು: "ಹಾಳಾತಾ? ಇಷ್ಟು ವರ್ಷ ನೀ ತಿಪ್ಪರಲಾಗ ಹಾಕಿದ್ರೂ ಬೀಳದ ಸಹಿ, ನಾ ಕುಂಕುಮ ಇಟ್ಟ ವಾರವೇ ಬಿತ್ತು. ಅದನ್ನ ಹೇಳು ಮೊದ್ಲು!"