ಕಾಕಾ ಮಾಡಿದ ‘ಛೆ’

ನಮ್ಮ ಕಾಕಾನಿಗೆ ತಪ್ಪು ಮಾಡುವುದಕ್ಕೆ ಬರುವುದೇ ಇಲ್ಲ! ಇದನ್ನು ನಾನು ಹೇಳುತ್ತಿಲ್ಲ, ಅವನೇ ಹೇಳಿಕೊಂಡು ತಿರುಗುತ್ತಾನೆ. ಮರಾಠಿ ಸೀಮೆಯ ಉದಗೀರದ ಕಾಳಿನ ಪೇಟೆಯಲ್ಲಿ ಅಂಗಡಿ ಇಟ್ಟವನು. ತೊಗರಿ ಹುಸಿಯಾಗಬಹುದು, ಮಳೆ ಹುಸಿಯಾಗಬಹುದು, ಕಾಕಾನ ಮಾತು ಮಾತ್ರ ಆಗಬಾರದು.

ಒಮ್ಮೆ ಕ್ಷೌರದವನು, “ಕಾಕಾ, ನಿಮ್ಮ ನೆತ್ತಿ ಮ್ಯಾಲ ಇನ್ನ ನನ್ನ ಕತ್ತರಿಗೆ ಕೆಲಸಿಲ್ರೀ” ಎಂದು ನಕ್ಕುಬಿಟ್ಟ. ಅಷ್ಟೇ! ಅಂದಿನಿಂದ ಕಾಕಾ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳತೊಡಗಿದ. ಮುಂದಿನದು ಕನ್ನಡಿಯಲ್ಲಿ ಕಾಣುತ್ತದೆ, ಹಿಂದಿನದು? ಪೇಟೆಯ ಜನ ಇವನಿಗೆ ಏನೋ ಹುಳುಕಡ್ಡಿ ಹತ್ತಿದೆ ಎಂದು ಮುಲಾಮಿನ ಹೆಸರು ಹೇಳತೊಡಗಿದರು. ಕೊನೆಗೆ ಪಾಪ, ಕ್ಷೌರದವನೇ ಮನೆಗೆ ಬಂದು ಕೈಮುಗಿದ. “ಈಗ ಬಂದಿಯಲ್ಲ! ಕೂಡು, ಚಾ ಕುಡಿ” ಎಂದ ಕಾಕಾ, ಕಿಲ್ಲೆ ಗೆದ್ದವನ ಹಾಗೆ.

ಇದೇ ಕಾಯಿದೆಯನ್ನು ಹೆತ್ತ ಮಗಳಿಗೂ ಹಚ್ಚಿದ. ಅವಳು ಉಮರ್ಗಾದ ಮರಾಠಿ ಹುಡುಗನನ್ನು, ಬೇರೆ ಜಾತಿಯವನನ್ನು, ತಾನೇ ಮೆಚ್ಚಿ ಲಗ್ನವಾದಳು. “ಆಕಿ ಮೊದಲು ಬಂದು ತಪ್ಪಾಯ್ತು ಅನ್ಲಿ” ಎಂದ ಅಪ್ಪ. “ಲಗ್ನ ಆಗೋದು ತಪ್ಪೇನು?” ಎಂದಳು ಮಗಳು. ಎಷ್ಟೆಂದರೂ ಯಾರ ಮಗಳು!

ನಡುವೆ ಅರೆದುಹೋದವಳು ಕಾಕಾನ ಹೆಂಡತಿ, ನಮ್ಮ ಚಿಗವ್ವ. ಮಗಳ ಫೋನ್ ಬಂದರೆ ಕಾಕಾ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಕಿಟಕಿಯ ಕೆಳಗೇ ನಿಲ್ಲುತ್ತಿದ್ದ, ಆ ಮಾತು ಬೇರೆ! “ಒಂದ್ಸಲ ಮಾತಾಡ್ರೀ. ನಾ ಇರೋತನಕನಾರ ಮಾತಾಡ್ರೀ” ಎಂದು ಚಿಗವ್ವ ಅಂದೇ ಅಂದಳು. ಕಾಕಾ ಕೇಳಲಿಲ್ಲ. ಹೋದ ಚಳಿಗಾಲದಲ್ಲಿ ಚಿಗವ್ವ ತೀರಿಕೊಂಡಳು. ಮಗಳು ಮಣ್ಣಿಗೆ ಬಂದು, ಅತ್ತು, ಸಂಜೆಯ ಬಸ್ಸಿಗೆ ಹಿಂದಿರುಗಿದಳು. ಕಾಕಾ ಕಂಬಕ್ಕೆ ಒರಗಿ ಕೂತವನು ಕತ್ತೆತ್ತಲಿಲ್ಲ.

ಅದಾದ ಮೇಲೆ ಒಂದು ಮುಂಜಾನೆ ನಾನು ನಿಲಂಗಾದಿಂದ ಅವನನ್ನು ನೋಡಲು ಹೋದೆ. ಒಳಗೆ ಕಾಲಿಟ್ಟರೆ, ಅಡುಗೆಮನೆಯ ಛತ್ತಿಗೆ ಕೊಬ್ಬರಿ ಮೆತ್ತಿತ್ತು! ಮಿಕ್ಸರಿಗೆ ಮುಚ್ಚಳ ಹಾಕಬೇಕೆಂದು ಜೀವಮಾನದಲ್ಲಿ ಒಲೆಯ ಕಡೆ ಸುಳಿಯದವನಿಗೆ ಹೇಗೆ ಗೊತ್ತಿರಬೇಕು? ಕಾಕಾ ನೆಲಕ್ಕೆ ಕೂತು ತುರಿದ ಕಾಯಿಯನ್ನು ಹೊಸ ಧೋತರದಲ್ಲಿ ಕಟ್ಟಿ, ವೈರಿಯ ಕುತ್ತಿಗೆಯ ಹಾಗೆ ಹಿಂಡುತ್ತಿದ್ದ. ನಮ್ಮ ಕಡೆ ಟೆಂಗಿನಕಾಯಿ ಅಂದರೆ ದೇವರ ಮುಂದೆ ಒಡೆಯುವುದು. ಅದರಿಂದ ಹಾಲು ಕರೆಯುವುದನ್ನು ನಾನು ಅಂದೇ ನೋಡಿದ್ದು.

“ಏನ್ ಮಾಡ್ಲಾಕತ್ತಿ ಕಾಕಾ?”

“ಛೆ.”

“ಯಾಕ, ಕೆಟ್ಟು ಹೋಯ್ತೇನು?”

“ಹೆಸರೇ ಛೆ! ವಿಯೆಟ್ನಾಮ್ ದೇಶದ ಸಿಹಿ. ಟೆಂಗಿನ ಹಾಲು, ಹಣ್ಣು, ಸಾಬೂದಾಣಿ.”

ಅಷ್ಟರಲ್ಲಿ ಪಕ್ಕದ ಮನೆಯಾಕೆ ಇಣುಕಿ ಮರಾಠಿಯಲ್ಲಿ ಕೇಳಿದಳು: “ಕಾಕಾ, ಸ್ವಯಂಪಾಕ ಕರತಾಯ ಕಾ?” ಅಡುಗೆ ಮಾಡ್ತಿದ್ದೀರೇನು ಅಂತ.

“ಛೆ!” ಎಂದ ಕಾಕಾ.

ಮರಾಠಿಯಲ್ಲಿ ಛೆ ಅಂದರೆ ‘ಇಲ್ಲವೇ ಇಲ್ಲ’. ಛತ್ತು ನೋಡಿದಳು, ಧೋತರ ನೋಡಿದಳು, ಹೋಗಿಬಿಟ್ಟಳು.

ಹಣ್ಣಿನದು ಇನ್ನೊಂದು ಫಜೀತಿ. ಆ ದೇಶದ ಲಿಚಿ ನಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು? ಚಿಕ್ಕು ಹೆಚ್ಚಿದ್ದ, ಬಾಳೆ ಹೆಚ್ಚಿದ್ದ. ದಾಳಿಂಬರಿ ಬೇಕೆಂದು ದಾಳಿಂಬ ಎಂಬ ಊರಿನ ಗೆಳೆಯನಿಗೇ ಫೋನ್ ಹಚ್ಚಿದ್ದನಂತೆ. “ನಮ್ಮಲ್ಲಿ ತೊಗರಿ, ಸೋಯಾಬೀನ್ ಬೆಳೀತಾವಪಾ. ದಾಳಿಂಬ ಬರೇ ಹೆಸರಿಗದ!” ಎಂದನಂತೆ ಅವನು.

“ಇಷ್ಟೆಲ್ಲಾ ನಿನಗ ಕಲಿಸಿದವರು ಯಾರು?” ಎಂದೆ.

ಕಾಕಾ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಚಿಗವ್ವನ ಮೊಬೈಲನ್ನು ಒತ್ತಿದ. ಅದರಿಂದ ಒಂದು ಧ್ವನಿ ಬಂತು, ಅರ್ಧ ಮರಾಠಿ, ಅರ್ಧ ಕನ್ನಡ. ಕಾಕಾನ ಮಗಳ, ನನ್ನ ತಂಗಿಯ ಧ್ವನಿ! ಉಮರ್ಗಾದಲ್ಲಿ ಕೂತು ಅವಳು ಅಡುಗೆಯ ವಿಡಿಯೋ ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಇವನು ನೋಡುತ್ತಾನೆಂದು ಯಾರಿಗೆ ಗೊತ್ತಿತ್ತು?

“ನಿಮ್ಮ ಚಿಗವ್ವನ ಫೋನು. ತಾನಾಗೇ ಬರ್ತದ, ನಾ ಏನ್ ಮಾಡ್ಲಿ?” ಎಂದ, ಕಳವಿನಲ್ಲಿ ಸಿಕ್ಕವನ ಹಾಗೆ.

ಆ ಮಾತಿನ ಗಡಿಬಿಡಿಯಲ್ಲಿ ಒಲೆಯ ಮೇಲಿನ ಹಾಲು ಕೊತಕೊತ ಕುದ್ದು ಒಡೆದು ಹೋಯಿತು. ಕಾಕಾ ಪಾತ್ರೆಯನ್ನೇ ನೋಡುತ್ತ ನಿಂತ. “ಆಕಿಗೆ ಫೋನ್ ಮಾಡಿ ಕೇಳು” ಎಂದೆ. “ಯಾವ ಮಾರಿ ಇಟ್ಕೊಂಡು ಕೇಳ್ಲಿ? ಹೆಂಡತಿ ಸಾಯೋತನಕ ಬೇಡಿಕೊಂಡ್ಳು, ಆಕಿ ಮಾತೇ ಕೇಳ್ಲಿಲ್ಲ ನಾ” ಎಂದ. ಅವನ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಅಪರಿಚಿತನ ಹಾಗೆ ವಿಡಿಯೋದ ಕೆಳಗೆ ಬರೆಯುವುದು! ಗುರುತು ಸಿಗಬಾರದೆಂದು ಶುದ್ಧ ಮರಾಠಿಯಲ್ಲಿ ಒಂದೊಂದೇ ಅಕ್ಷರ ಒತ್ತಿದ: ‘ತಾಯಿಸಾಹೇಬ್, ನಾರಳಾಚ ದೂಧ ಫಾಟಲ. ಕಾಯ ಕರಾವ?’ ಅಕ್ಕಾವ್ರೇ, ಟೆಂಗಿನ ಹಾಲು ಒಡೀತು, ಏನ್ ಮಾಡ್ಬೇಕು ಅಂತ.

ಅಯ್ಯೋ ಕಾಕಾ! ಬರೆದದ್ದರ ಮೇಲೆ ಚಿಗವ್ವನ ಹೆಸರಿತ್ತು. ಪಕ್ಕದಲ್ಲಿ ಚಿಗವ್ವನ ನಗುವ ಸಣ್ಣ ಫೋಟೋ. ಫೋನು ಅವಳದಲ್ಲವೇ! ತೀರಿಹೋದ ತಾಯಿ ಹೀಗೆ ಒಮ್ಮೆಲೇ ಹಾಲು ಒಡೀತು ಎಂದರೆ ಮಗಳ ಎದೆ ಏನಾಗಬೇಕು? ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದುಬಿಟ್ಟಿತು, ಕನ್ನಡದಲ್ಲಿ:

‘ಉರಿ ಸಣ್ಣ ಇಡು ಅಪ್ಪಾ. ಕುದಿಸಬ್ಯಾಡ. ಒಂದು ಚಿಟಿಕಿ ಉಪ್ಪು ಹಾಕು. ಊಟ ಮಾಡ್ತಿಯಿಲ್ಲೋ ಸರಿಯಾಗಿ? ನಾ ಬರ್ಲೇನು?’

ಕಾಕಾ ಅದನ್ನು ಮತ್ತೆ ಮತ್ತೆ ಓದಿದ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, “ಬ್ಯಾಡ ಅನ್ನು. ನಾನೇ ಬರ್ತೀನಿ ಅನ್ನು” ಎಂದ.

ಮರುದಿನ ಹೊಸದಾಗಿ ಮಾಡಿದ ಛೆ ಡಬ್ಬಿಗೆ ತುಂಬಿ, ನಾವಿಬ್ಬರೂ ಬಸ್ಸು ಹತ್ತಿದೆವು. ನಿಲಂಗಾ ದಾಟಿ ಉಮರ್ಗಾ ಮುಟ್ಟುವವರೆಗೂ ಅವನು ತುಟಿಯಲ್ಲೇ ಏನೋ ಭಾಷಣ ತಯಾರು ಮಾಡುತ್ತಿದ್ದ. ಮಗಳು ಬಾಗಿಲು ತೆರೆದದ್ದೇ ಅಷ್ಟೂ ಮರೆತುಹೋಗಿ, “ಇವತ್ತು ಒಡೆದಿಲ್ಲ ನೋಡು” ಎಂದು ಡಬ್ಬಿ ಮುಂದೆ ಹಿಡಿದ.

ಅವಳು ಒಂದು ಚಮಚ ಬಾಯಿಗಿಟ್ಟುಕೊಂಡಳು. ಆಮೇಲೆ, “ಅವ್ವಗ ಇದು ಭಾಳ ಸೇರ್ತಿತ್ತು” ಎಂದಳು.

“ಆಕಿ ಎಲ್ಲಿ ತಿಂದಳು?”

“ಇಲ್ಲೇ. ಔರಾದ ಶಹಾಜನಿ ಊರಾಗಿನ ಅಕ್ಕನ ಮನಿಗೆ ಹೋಗ್ತೀನಿ ಅಂತ ನಿನಗ ಹೇಳಿ, ಇಲ್ಲಿಗೆ ಬರ್ತಿದ್ದಳಪ್ಪಾ. ಒಮ್ಮೆ ಅಪ್ಪಗೂ ಒಂದು ಡಬ್ಬಿ ಒಯ್ಯವ್ವಾ ಅಂದೆ. ಬ್ಯಾಡ ಅಂದಳು.” ಅವಳು ತಲೆ ಎತ್ತಿದಳು. “ಕೊಟ್ಟಿದ್ದರ ತಿಂತಿದ್ದಿಯೇನಪ್ಪಾ?”

ತನ್ನ ತಪ್ಪನ್ನು ಎಂದೂ ಒಪ್ಪದ ನಮ್ಮ ಕಾಕಾ ನೆಲ ನೋಡಿದ.

“ಇಲ್ಲವ್ವಾ” ಎಂದ.

ಬಾಗಿಲ ಬಳಿ ಅಳಿಯ ಇನ್ನೂ ನಿಂತೇ ಇದ್ದ. ಕಾಕಾ ತಾನೇ ಎದ್ದು ಬಟ್ಟಲಿಗೆ ಛೆ ಹಾಕಿದ. ಅರ್ಧ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದು ಆ ಹುಡುಗನ ಮುಂದೆ ನಿಂತು, “ತಗೋರಿ” ಎಂದ.