ಮೋಡ ನಂಬಬೇಡಿ, ಮೋರಿ ನಂಬಿ

ಊರಿನ ಮುಂದಿನ ಮೂವತ್ತು ವರ್ಷದ ಬಾಯಾರಿಕೆಗೆ ಮದ್ದು ಕಂಡುಹಿಡಿದ ಮನುಷ್ಯನಿಗೆ, ಸೋಪು ಹಚ್ಚಿಕೊಂಡ ಮುಖ ತೊಳೆಯಲು ಒಂದು ಚೊಂಬು ನೀರು ಸಿಗಬಾರದೇ? ಬಚ್ಚಲುಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದ ಎಂಜಿನಿಯರರು ಈ ಪ್ರಶ್ನೆಯನ್ನು ಗೋಡೆಗೆ ಕೇಳಿದರು. ಗೋಡೆ ಸುಮ್ಮನಿತ್ತು. ಅಡುಗೆಮನೆಯಿಂದ ಹೆಂಡತಿ ಉತ್ತರ ಕೊಟ್ಟಳು.

"ನಿಮ್ಮ ಪಾಲಿನ ಅರ್ಧ ಬಕೆಟ್ ಆಗ್ಲೇ ಮುಗೀತು ರೀ. ಟವೆಲಲ್ಲಿ ಒರೆಸ್ಕೊಳ್ಳಿ."

"ಕಣ್ಣು ಉರೀತಿದೆ ಕಣೇ!"

"ಹಾಗಾದ್ರೆ ಅತ್ತುಬಿಡಿ. ಅದೂ ನೀರೇ."

ಎಂಜಿನಿಯರರು ಕೆಲಸ ಮಾಡುತ್ತಿದ್ದುದು ಊರಿನ ನೀರು ಸರಬರಾಜು ಇಲಾಖೆಯಲ್ಲಿ. ಮಳೆ ಕೈಕೊಟ್ಟು ಇದು ಎರಡನೆಯ ವರ್ಷ. ಊರಿಗೆ ನೀರು ಕೊಡುವ ಜಲಾಶಯದ ತಳ ಬಿರುಕು ಬಿಟ್ಟು, ಅಲ್ಲಿ ಈಗ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂಬುದು ನಲ್ಲಿಗೂ ಗೊತ್ತಿರಲಿಲ್ಲ. ಬಂದಾಗ ಮೊದಲು ಗೊರ ಗೊರ ಸದ್ದು, ಆಮೇಲೆ ಒಂದಿಷ್ಟು ತುಕ್ಕು, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಬೆರಳು ಗಾತ್ರದ ಧಾರೆ. ಊರವರ ಸಿಟ್ಟೆಲ್ಲ ಇಲಾಖೆಯ ಮೇಲೆ. ಇಲಾಖೆಯೆಂದರೆ ಅವರ ಪಾಲಿಗೆ ದಿನಾ ಸ್ಕೂಟರಿನಲ್ಲಿ ಓಡಾಡುವ ಈ ಎಂಜಿನಿಯರರೇ.

ಮನೆಯವರ ಸಿಟ್ಟೂ ಕಡಿಮೆಯದಲ್ಲ. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ತಲೆ ತೊಳೆಯದೆ ಪಾರ್ಲರ್ ನಡೆಸುವುದು ಎಂದರೆ ಒಣ ನೆಲದಲ್ಲಿ ಈಜು ಕಲಿಸಿದ ಹಾಗೆ. ಬಣ್ಣ ಹಚ್ಚಿಸಿಕೊಂಡ ಒಬ್ಬಾಕೆಯನ್ನು ನೀರಿಲ್ಲದೆ ಮಧ್ಯಾಹ್ನದ ತನಕ ಕುರ್ಚಿಯಲ್ಲೇ ಕೂರಿಸಬೇಕಾಗಿ ಬಂದು, ಆಕೆಯ ಕಪ್ಪು ಕೂದಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆ ಮೇಲೆ ಆಕೆ ಈ ಬೀದಿಯಲ್ಲಿ ಕಾಣಿಸಿಕೊಂಡಿಲ್ಲ.

ಇಂಥ ಹೊತ್ತಿನಲ್ಲೇ ಎಂಜಿನಿಯರರಿಗೆ ಮಹಾಯೋಜನೆಯೊಂದು ಹೊಳೆದಿದ್ದು. ಎಲ್ಲರೂ ದೂರದ ನದಿಯಿಂದ ಪೈಪು ಎಳೆಯಿರಿ ಎನ್ನುತ್ತಿದ್ದರು. ಆ ನದಿಯ ದಡದಲ್ಲಿರುವವರಿಗೇ ಕುಡಿಯಲು ಸಾಲದು ಎಂಬುದನ್ನು ಯಾರೂ ಕೇಳಲು ತಯಾರಿರಲಿಲ್ಲ. ಇನ್ನು ಕೆಲವರು ಕೊಳವೆಬಾವಿ ಇನ್ನೂ ಆಳಕ್ಕೆ ಕೊರೆಯಿರಿ ಎಂದರು. ಕೊರೆದಷ್ಟೂ ಮೇಲೆ ಬಂದದ್ದು ಧೂಳು. ಎಂಜಿನಿಯರರ ಲೆಕ್ಕ ಬೇರೆ. ಈ ಊರು ದಿನವೂ ತೊಳೆದು, ಮಿಂದು, ಬೇಡವೆಂದು ಚೆಲ್ಲುವ ನೀರಿದೆಯಲ್ಲ, ಅದು ಮಳೆ ಬಂದರೂ ಬರದಿದ್ದರೂ ತಪ್ಪದೆ ಹರಿಯುತ್ತದೆ. ಅದನ್ನೇ ಸೋಸಿ, ಶುದ್ಧಮಾಡಿ ಮತ್ತೆ ನಲ್ಲಿಗೆ ಬಿಟ್ಟರೆ? ಊರಾಚೆ ಸಣ್ಣದೊಂದು ಪ್ಲಾಂಟ್ ಕಟ್ಟಿಸಿ, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿಸಿ, ಅವರೊಂದು ಘೋಷಣೆಯನ್ನೂ ಹೊರಡಿಸಿದರು: "ಮೋಡ ನಂಬಬೇಡಿ, ಮೋರಿ ನಂಬಿ."

ಘೋಷಣೆ ಊರೆಲ್ಲ ಹಬ್ಬಿತು. ಯೋಜನೆ ಹಬ್ಬಲಿಲ್ಲ. ಅವರಿಗೆ ಮೋರಿ ಎಂಜಿನಿಯರ್ ಎಂಬ ಬಿರುದು ಮಾತ್ರ ಖಾಯಂ ಆಯಿತು.

"ಒಂಬತ್ತು ತಿಂಗಳು ಹೊತ್ತು, ಹದಿನೇಳು ವರ್ಷ ಓದಿಸಿದ್ದು ಇಂಥ ಹೆಸರು ತಗೊಳ್ಳಲಿ ಅಂತಾನೇನೋ?" ಎಂದು ತಾಯಿ ಕೇಳಿದರು.

ಪ್ಲಾಂಟಿನಲ್ಲಿ ತಯಾರಾದ ನೀರನ್ನು ಕೇಳಿದವರ ಮನೆಗೆ ಕ್ಯಾನಿನಲ್ಲಿ ಪುಕ್ಕಟೆ ಕಳಿಸುವ ಏರ್ಪಾಡಿತ್ತು. ಕೇಳಿದವರು ಮೂರೋ ನಾಲ್ಕೋ ಮಂದಿ. ಅವರೂ ಅದನ್ನು ಹೂವಿನ ಕುಂಡಗಳಿಗೆ ಹಾಕಿ, ಕೈ ತೊಳೆದುಕೊಳ್ಳುತ್ತಿದ್ದರು.

ಸೋಪಿನ ಪ್ರಕರಣ ನಡೆದ ದಿನ ಸಂಜೆ ಹೆಂಡತಿ ಊಟದ ಮೇಜಿನ ಎದುರು ಕೂತು ನೇರವಾಗಿ ಕೇಳಿದಳು. "ಮೂವತ್ತು ವರ್ಷದ್ದು ಆಮೇಲೆ ನೋಡೋಣ ರೀ. ನಾಳೆ ಬೆಳಿಗ್ಗೆ ನನ್ನ ಹತ್ರ ತಲೆ ತೊಳೆಸ್ಕೊಳ್ಳೋಕೆ ಬರ್ತಾರಲ್ಲ, ಅವರಿಗೇನು ಹೇಳ್ಲಿ?"

ಎಂಜಿನಿಯರರು ಗಂಟಲು ಸರಿಮಾಡಿಕೊಂಡರು. ಉಪ್ಪಿನ ಡಬ್ಬಿ, ಲೋಟ, ಚಮಚಗಳನ್ನು ಸಾಲಾಗಿಟ್ಟು ತಮ್ಮ ಪ್ಲಾಂಟನ್ನು ಮೇಜಿನ ಮೇಲೆ ಕಟ್ಟಿದರು. ಇಲ್ಲಿ ಕೊಳೆ ಕೂರುತ್ತದೆ, ಇಲ್ಲಿ ಸೂಕ್ಷ್ಮಾಣುಗಳು ಅದನ್ನು ತಿನ್ನುತ್ತವೆ, ಇಲ್ಲಿ ಒತ್ತಡ ಹಾಕಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಲ್ಲಿ ಸೋಸುತ್ತೇವೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಆಕೆ ಅವರ ಭಾಷಣವನ್ನು ಆಕಳಿಸದೆ ಕೇಳಿದ್ದು ಇದೇ ಮೊದಲು.

"ನಿಜವಾಗ್ಲೂ ಅಷ್ಟು ಶುದ್ಧಾನಾ?"

"ಈಗ ನಲ್ಲೀಲಿ ಬರೋದಕ್ಕಿಂತ ಶುದ್ಧ."

"ಕುಡೀಬಹುದಾ?"

"ಹಸುಗೂಸಿಗೂ ಕೊಡಬಹುದು."

"ಹೂಂ" ಎಂದಳು ಹೆಂಡತಿ. (ಸಂಸಾರಸ್ಥರೆಲ್ಲ ಬಲ್ಲಂತೆ ಹೆಂಡತಿಯ "ಹೂಂ"ಗೆ ನೂರು ಅರ್ಥಗಳಿವೆ. ಗಂಡನಿಗೆ ಹೊಳೆಯುವುದು ಯಾವಾಗಲೂ ನೂರಾ ಒಂದನೆಯದು.)

ಎಂಜಿನಿಯರರ ಮನಸ್ಸಿನಲ್ಲಿ ಮಾತ್ರ ಯಾರಿಗೂ ಹೇಳಲಾಗದ ಮುಳ್ಳೊಂದಿತ್ತು. ಆ ನೀರನ್ನು ಅವರು ಸ್ವತಃ ಒಂದು ಗುಟುಕೂ ಕುಡಿದಿರಲಿಲ್ಲ. ಪ್ರಯತ್ನಪಟ್ಟಿದ್ದರು. ಪ್ಲಾಂಟಿನ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಲೋಟ ಎತ್ತಿದ್ದರು. ನೀರು ಸ್ಫಟಿಕದಂತಿತ್ತು. ಆದರೆ ಲೋಟ ತುಟಿಯ ಹತ್ತಿರ ಬರುವಷ್ಟರಲ್ಲಿ ಪ್ಲಾಂಟಿನ ಇನ್ನೊಂದು ತುದಿ, ಕಪ್ಪು ನೀರು ಒಳಗೆ ಬಂದು ಬೀಳುವ ಆ ಹೊಂಡ, ಕಣ್ಣ ಮುಂದೆ ಬಂದು ನಿಂತಿತು. ತಲೆ ಹೌದೆಂದಿತು, ಗಂಟಲು ಇಲ್ಲವೆಂದಿತು. ಲೋಟದ ನೀರನ್ನು ಕಿಟಕಿಯಿಂದಾಚೆ ಚೆಲ್ಲಿ, ತಾವು ಮನೆಯಿಂದ ತಂದ ಬಾಟಲಿಯ ನೀರು ಕುಡಿದರು. ಊರಿಗೆ ಊರೇ ಅಜ್ಞಾನಿ ಎಂದು ಬೈದುಕೊಂಡು ಮನೆಗೆ ಬರುವಾಗ, ಆ ಅಜ್ಞಾನಿಗಳ ಸಾಲಿನಲ್ಲಿ ಮೊದಲು ನಿಂತವನು ತಾನೇ ಎಂಬುದು ಅವರನ್ನು ಚುಚ್ಚುತ್ತಿತ್ತು.

ಇಷ್ಟರ ನಡುವೆ ಮನೆಯಲ್ಲಿ ಶಾಂತಿ ನೆಲೆಸಿತು. ಬಚ್ಚಲುಮನೆಯಲ್ಲಿ ಬಕೆಟ್ಟು ಪೂರ್ತಿ ತುಂಬಿರತೊಡಗಿತು. ಪಾರ್ಲರಿನಲ್ಲಿ ಮತ್ತೆ ನಗು, ಮಾತು. ಬೇಳೆ ಬೇಗ ಬೆಂದಿತೆಂದು ತಾಯಿ ಸಂತೋಷಪಟ್ಟರು. ಇದೆಲ್ಲ ನೀರಿನ ಮಿತಬಳಕೆಯ ಬಗ್ಗೆ ತಾವು ಮಾಡಿದ ಉಪದೇಶದ ಫಲವೆಂದು ಎಂಜಿನಿಯರರು ತೀರ್ಮಾನಿಸಿದರು.

"ನೋಡು, ಮಿತವಾಗಿ ಬಳಸೋದು ಕಲಿತ ಮೇಲೆ ಚಹಾಕ್ಕೂ ರುಚಿ ಬಂದಿದೆ" ಎಂದು ಒಂದು ಬೆಳಿಗ್ಗೆ ಹೇಳಿದರು.

"ನಿಮ್ಮ ದಯೆ" ಎಂದಳು ಹೆಂಡತಿ, ನಿಜವಾದ ಪ್ರೀತಿಯಿಂದ. ಅವರು ಅದನ್ನು ವ್ಯಂಗ್ಯವೆಂದುಕೊಂಡು ಪೇಪರಿನ ಹಿಂದೆ ಮರೆಯಾದರು.

ಕೊನೆಗೆ ನಗರಸಭೆ ಬಹಿರಂಗ ಸಭೆ ಕರೆಯಿತು. ದೂರದ ಪೈಪೋ, ಊರಿನ ಪ್ಲಾಂಟೋ ಅಂದೇ ತೀರ್ಮಾನ. ಹಿಂದಿನ ದಿನ ನಗರಸಭೆಯ ಅಧ್ಯಕ್ಷರು ಎಂಜಿನಿಯರರನ್ನು ಕರೆಸಿಕೊಂಡರು.

"ಅಂಕಿಅಂಶ ಎಲ್ಲಾ ಬೇಡ ಸಾರ್. ವೇದಿಕೆ ಮೇಲೆ ನಿಂತು ಆ ನೀರನ್ನ ಗಟಗಟ ಕುಡಿದುಬಿಡಿ. ಜನ ನಂಬ್ತಾರೆ."

"ತಾವೂ ಜೊತೆಗೆ ಕುಡಿದರೆ..."

"ಕುಡೀತಿದ್ದೆ. ಡಾಕ್ಟರು ನನಗೆ ನೀರು ಕಡಿಮೆ ಕುಡೀರಿ ಅಂದಿದ್ದಾರೆ" ಎಂದ ಅಧ್ಯಕ್ಷರು ಎದುರಿಗಿದ್ದ ಎಳನೀರನ್ನು ಮುಗಿಸಿದರು.

ಮರುದಿನ ಬೆಳಿಗ್ಗೆ ಎಂಜಿನಿಯರರಿಗೆ ಉಪಾಯ ಹೊಳೆಯಿತು. ನೀರು ನೀರೇ ತಾನೇ? ಗಾಜಿನ ಹೂಜಿಯ ಮೇಲೆ ಎಲ್ಲಿಯ ನೀರೆಂದು ಬರೆದಿರುತ್ತದೆಯೇ? ಹೆಂಡತಿ ಪಾರ್ಲರಿನಲ್ಲಿದ್ದಾಗ ಅಡುಗೆಮನೆಗೆ ನುಗ್ಗಿ, ಕುಡಿಯುವ ನೀರಿನ ಸ್ಟೀಲ್ ಡ್ರಮ್ಮಿನ ನಲ್ಲಿ ತಿರುಗಿಸಿ ಹೂಜಿ ತುಂಬಿಸಿಕೊಂಡರು.

"ಏನೋ ಅದು, ಸ್ವಂತ ಮನೇಲಿ ಕಳ್ಳನ ಹಾಗೆ?" ಎಂದರು ಬಾಗಿಲಲ್ಲಿ ನಿಂತ ತಾಯಿ.

"ಸಭೆಗೆ ಕಣಮ್ಮ."

"ಓ, ಸಭೆಗಾ? ಸರಿ ಸರಿ, ತಗೊಂಡ್ಹೋಗು" ಎಂದು ತಾಯಿ ಏಕೋ ಹೆಮ್ಮೆಯಿಂದ ಬೆನ್ನು ತಟ್ಟಿದರು. ಎಂಜಿನಿಯರರ ಬೆನ್ನಿಗೆ ಬೆವರು ಬಂತು.

ಸಭಾಂಗಣ ಕಿಕ್ಕಿರಿದಿತ್ತು. ಹೆಂಡತಿ ಮತ್ತು ತಾಯಿ ಎರಡನೆಯ ಸಾಲಿನಲ್ಲಿದ್ದರು. ಎಂಜಿನಿಯರರು ಚೆನ್ನಾಗಿಯೇ ಮಾತನಾಡಿದರು. "ನಾವು ಬರ ಬಂದಾಗ ಆಕಾಶ ನೋಡ್ತೀವಿ, ಮಳೆ ಬಂದಾಗ ಬರ ಮರೀತೀವಿ" ಎಂದಾಗ ಹಲವರು ತಲೆದೂಗಿದರು. ಪಕ್ಕದವರ ಕೊಡದಿಂದ ಕಿತ್ತುಕೊಳ್ಳುವುದು ಪರಿಹಾರವಲ್ಲ, ನಮ್ಮ ಕೊಡ ಸೋರದಂತೆ ನೋಡಿಕೊಳ್ಳುವುದು ಪರಿಹಾರ ಎಂದರು. ಆ ಮಾತುಗಳನ್ನು ಅವರು ಮನಸಾರೆ ನಂಬಿದ್ದರು. ಆ ಮೇಲೆ ಹೂಜಿಯಿಂದ ಲೋಟಕ್ಕೆ ಬಗ್ಗಿಸಿ, ನಾಟಕದ ರಾಜನಂತೆ ಎತ್ತರಕ್ಕೆ ಹಿಡಿದು, ಗಟಗಟನೆ ಕುಡಿದರು. ಇನ್ನೊಂದು ಲೋಟ. ಮತ್ತೊಂದು. ಮೀಸೆ ಒರೆಸಿಕೊಂಡು, "ಅಮೃತ!" ಎಂದರು.

ಚಪ್ಪಾಳೆ ಬೀಳುವಷ್ಟರಲ್ಲಿ ಹಿಂದಿನ ಸಾಲಿನಿಂದ ನಿವೃತ್ತ ಪೋಸ್ಟ್‌ಮಾಸ್ಟರರು ಎದ್ದು ನಿಂತರು. ಊರಿನ ಪ್ರತಿ ಸಭೆಯಲ್ಲೂ ಎದ್ದು ನಿಲ್ಲುವುದು ಅವರ ನಿವೃತ್ತಿ ಜೀವನದ ಮುಖ್ಯ ಕಸುಬು.

"ಒಂದು ಸಂದೇಹ. ಅದು ಪ್ಲಾಂಟಿನ ನೀರೇ ಅನ್ನೋದಕ್ಕೆ ಏನ್ರೀ ಸಾಕ್ಷಿ? ನೀವು ಮನೆಯಿಂದ ತುಂಬಿಸ್ಕೊಂಡು ಬಂದಿರಬಹುದು!"

ಮೂರು ಲೋಟ ನೀರು ಕುಡಿದ ಬಾಯಿ ಬತ್ತಿದ ಜಲಾಶಯವಾಯಿತು. ಅಷ್ಟರಲ್ಲಿ ಎರಡನೆಯ ಸಾಲಿನಿಂದ ಹೆಂಡತಿ ಎದ್ದಳು.

"ಮನೆಯಿಂದಾನೇ ತಂದಿದ್ದು!"

ಮುಗಿಯಿತು ಎಂದುಕೊಂಡರು ಎಂಜಿನಿಯರರು. ಮೇಜು ಹಿಡಿದುಕೊಂಡರು.

"ಯಾಕಂದ್ರೆ ನಮ್ಮ ಮನೇಲಿ ಇರೋದೇ ಪ್ಲಾಂಟಿನ ನೀರು. ಮೂರು ವಾರ ಆಯ್ತು. ಕುಡಿಯೋಕೆ, ಅಡುಗೆಗೆ, ನನ್ನ ಪಾರ್ಲರಿಗೆ, ಎಲ್ಲದಕ್ಕೂ ಅದೇ. ನಮ್ಮತ್ತೇನೂ ಅದನ್ನೇ ಕುಡೀತಾರೆ. ಪಾರ್ಲರಲ್ಲಿ ಪ್ರತಿಯೊಬ್ಬರಿಗೂ ಹೇಳಿ, ಒಪ್ಪಿದ ಮೇಲೇನೇ ತಲೆ ತೊಳೆದಿದೀನಿ. ಬೇಕಾದ್ರೆ ನಿಮ್ಮ ಮನೆಯವರನ್ನೇ ಕೇಳಿ ಪೋಸ್ಟ್‌ಮಾಸ್ಟ್ರೇ!"

ಪೋಸ್ಟ್‌ಮಾಸ್ಟರರು ಪಕ್ಕಕ್ಕೆ ತಿರುಗಿದರು. ಅವರ ಪತ್ನಿ ನುಣ್ಣನೆಯ ಕೂದಲನ್ನು ಸವರಿಕೊಳ್ಳುತ್ತ, "ಮನೇಲಿ ಹೇಳಿದ್ರೆ ನೀವು ಸಭೆ ಸೇರಿಸ್ತಿದ್ರಿ" ಎಂದರು.

ಸಭೆ ನಕ್ಕಿದ್ದು ಬೀದಿಯ ತುದಿಗೂ ಕೇಳಿಸಿತಂತೆ. ಪ್ಲಾಂಟನ್ನು ದೊಡ್ಡದು ಮಾಡುವ ತೀರ್ಮಾನಕ್ಕೆ ಬಹುಪಾಲು ಕೈಗಳು ಮೇಲೆದ್ದವು. ಎಂಜಿನಿಯರರು ವೇದಿಕೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ವಾಂತಿ ಈಗ ಬರುತ್ತದೆ, ಇನ್ನೇನು ಬಂತು ಎಂದು ಕಾದರು. ಬರಲಿಲ್ಲ. ಮೂರು ವಾರದಿಂದ ಸಂತೋಷವಾಗಿದ್ದ ಹೊಟ್ಟೆಗೆ ಈಗೇಕೆ ಕೋಪ ಬರಬೇಕು?

ಮನೆಗೆ ಬಂದು ಮೊದಲು ಹಿತ್ತಿಲ ಬಾಗಿಲು ತೆಗೆದರು. ಗೋಡೆಯುದ್ದಕ್ಕೂ ಪ್ಲಾಂಟಿನ ಹೆಸರು ಬರೆದ ನೀಲಿ ಕ್ಯಾನುಗಳು ಸಾಲಾಗಿ ನಿಂತಿದ್ದವು. ಮೂವತ್ತು ವರ್ಷ ಮುಂದಕ್ಕೆ ನೋಡಬಲ್ಲ ಕಣ್ಣು ಮೂರು ವಾರದಿಂದ ಹಿತ್ತಿಲ ಕಡೆ ತಿರುಗಿರಲಿಲ್ಲ.

ಹೆಂಡತಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದಳು. "ನೀವು ಅದನ್ನ ಎಲ್ಲರ ಎದುರು ಕುಡಿದ್ರಲ್ಲ, ನನಗೆ ಕಣ್ಣು ತುಂಬಿ ಬಂತು ರೀ" ಎಂದಳು.

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಾತು ಕೇಳಿ ಎಂಜಿನಿಯರರಿಗೆ ಸುಮ್ಮನಿರಲಾಗಲಿಲ್ಲ. ಕುರ್ಚಿ ಎಳೆದು ಕೂತು ಎಲ್ಲವನ್ನೂ ಹೇಳಿಬಿಟ್ಟರು. ಕಿಟಕಿಯಾಚೆ ಚೆಲ್ಲಿದ ಲೋಟ, ಕಪ್ಪು ನೀರಿನ ಹೊಂಡ, ಇಂದಿನ ಹೂಜಿ, ಎಲ್ಲ.

ಆಕೆ ಒಲೆ ಆರಿಸಿದಳು. ಬೈದಿದ್ದರೆ ಅವರಿಗೆ ಹಾಯೆನಿಸುತ್ತಿತ್ತು.

"ನನಗೂ ಹೇಸಿಗೆ ಆಗಿತ್ತು" ಎಂದಳು ಕೊನೆಗೆ. "ಮೊದಲ ದಿನ ಲೋಟ ಹಿಡ್ಕೊಂಡು ಇಲ್ಲೇ ನಿಂತಿದ್ದೆ. ನೀವು ಹಸುಗೂಸಿಗೂ ಕೊಡಬಹುದು ಅಂದಿದ್ದು ನೆನಪಾಯ್ತು. ನೀವು ಬೇರೆ ಎಲ್ಲಾದಕ್ಕೂ ಸುಳ್ಳು ಹೇಳಬಹುದು, ನೀರಿನ ವಿಷಯದಲ್ಲಿ ಹೇಳಲ್ಲ ಅಂತ ಕಣ್ಣು ಮುಚ್ಚಿ ಕುಡಿದೆ. ಆಮೇಲೆ ಅತ್ತೆಗೆ ಕೊಟ್ಟೆ."

"ನಾನು ಹೇಳಿದ್ದು ಸುಳ್ಳಲ್ಲ ಕಣೇ. ನೀರು ಶುದ್ಧವಾಗೇ ಇದೆ."

"ನೀರಿನ ಮಾತು ಯಾರಾಡಿದ್ರು ಈಗ?" ಎಂದಳು ಹೆಂಡತಿ.

ಒಳಕೋಣೆಯಿಂದ ತಾಯಿ ಕೂಗಿದರು: "ಚಹಾ ಏನಾಯ್ತೇ? ಇವನ ಪಶ್ಚಾತ್ತಾಪ ಮುಗಿಯೋ ತನಕ ನಾನು ಕಾಯ್ಬೇಕಾ?"

ಅಷ್ಟರಲ್ಲಿ ಅಧ್ಯಕ್ಷರ ಫೋನು. ಭಾನುವಾರ ಊರವರೆಲ್ಲ ಪ್ಲಾಂಟು ನೋಡಲು ಬರುತ್ತಾರೆ, ಸಾಹೇಬರು ಅಲ್ಲಿ ಇನ್ನೊಮ್ಮೆ ಕುಡಿಯಬೇಕು. ಎಂಜಿನಿಯರರು ಬಾಯಿ ತೆರೆಯುವ ಮೊದಲೇ ಹೆಂಡತಿ ಫೋನು ಕಿತ್ತುಕೊಂಡಳು. "ಬರ್ತಾರೆ ಸಾರ್. ನಾನೂ ಬರ್ತೀನಿ. ಲೋಟಕ್ಕೆ ನೀರು ಹಿಡಿದುಕೊಡೋಳು ನಾನೇ."

ಭಾನುವಾರ ಜನ ಮೊದಲು ಕಪ್ಪು ನೀರಿನ ಹೊಂಡ ನೋಡಿದರು. ಮೂಗು ಮುಚ್ಚಿಕೊಂಡು, ಒಂದೊಂದೇ ತೊಟ್ಟಿ ದಾಟಿ, ಕೊನೆಯ ನಲ್ಲಿಯ ಬಳಿ ಬಂದರು. ಹೆಂಡತಿ ಎಲ್ಲರ ಎದುರು ಲೋಟ ತುಂಬಿಸಿ ಗಂಡನ ಕೈಗಿಟ್ಟಳು. ಎಂಜಿನಿಯರರು ಲೋಟ ಎತ್ತಿದರು. ಹೊಂಡ ಕಣ್ಣ ಮುಂದೆ ಬಂತು. ಕೈ ಅರ್ಧ ದಾರಿಯಲ್ಲಿ ನಿಂತಿತು. ಮೂರು ವಾರದಿಂದ ಇದನ್ನೇ ಕುಡಿದಿದ್ದೇನೆ ಎಂದು ಗಂಟಲಿಗೆ ತಿಳಿಹೇಳಿದರು. ಗಂಟಲು ಒಪ್ಪಲಿಲ್ಲ. ಜನ ಕಾಯುತ್ತಿದ್ದರು.

ಹೆಂಡತಿ ಅವರ ಕೈಯಿಂದ ಲೋಟ ತೆಗೆದುಕೊಂಡು, ಅರ್ಧ ಕುಡಿದು, ಉಳಿದದ್ದನ್ನು ಮತ್ತೆ ಅವರ ಕೈಯಲ್ಲಿಟ್ಟಳು. ಯಾರಿಗೂ ಕೇಳಿಸದಂತೆ, "ಈಗ ಇದು ನನ್ನ ಎಂಜಲು. ಇದಕ್ಕೂ ಹೇಸ್ತೀರಾ?" ಎಂದಳು.

ಎಂಜಿನಿಯರರು ಕಣ್ಣು ಮುಚ್ಚಲಿಲ್ಲ. ಸಣ್ಣದೊಂದು ಗುಟುಕು. ಆಮೇಲೆ ಇನ್ನೊಂದು. ತಣ್ಣಗಿತ್ತು. ಬೇರೆ ಯಾವ ರುಚಿಯೂ ಇರಲಿಲ್ಲ. ಅಮೃತ ಎನ್ನಲು ಈ ಸಲ ಬಾಯಿ ಬರಲಿಲ್ಲ. ಖಾಲಿ ಲೋಟ ಹಿಡಿದು ಬೆಪ್ಪಾಗಿ ನಿಂತರು.

ಮುಂದಿನ ಸಾಲಿನಲ್ಲಿದ್ದ ಪೋಸ್ಟ್‌ಮಾಸ್ಟರರು ಜೋರಾಗಿ ನಕ್ಕರು. "ಸಾಹೇಬ್ರ ಮುಖ ನೋಡ್ರಪ್ಪಾ! ಈ ನೀರು ಇವತ್ತೇ ಮೊದಲ್ನೇ ಸಲ ಕುಡಿದೋರ ಹಾಗಿದೆ!"

ಎಲ್ಲರೂ ನಕ್ಕರು. ಹೆಂಡತಿಯೂ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ನಕ್ಕಳು.

"ಹೌದು ಪೋಸ್ಟ್‌ಮಾಸ್ಟ್ರೇ" ಎಂದಳು. "ಇವತ್ತೇ ಮೊದಲ್ನೇ ಸಲ."